ನಿಮ್ಮದು ಯಾವ ಅಂಬರೀಶು?

ಅಲ್ಲ ಮೇಷ್ಟ್ರೇ, ಈಗಿನ ಹುಡುಗ್ರು ಮನುಷ್ಯರನ್ನ ಇಸವಿ ಹಾಕಿ ಪಾಲು ಮಾಡ್ತಾವಲ್ಲ, ಕೇಳಿದ್ರಾ? 1981ರಿಂದ 1996ರೊಳಗೆ ಹುಟ್ಟಿದ್ರೆ ಮಿಲೆನಿಯಲ್ ಅಂತೆ. 1997ರಿಂದ ಈಚೆಗೆ ಜೆನ್ ಝೀ ಅಂತೆ. ಅಮೆರಿಕದ ಪ್ಯೂ ಅನ್ನೋ ಸಂಶೋಧನಾ ಸಂಸ್ಥೆ ಹಾಕಿರೋ ಗೆರೆ. ಹಾಕ್ಕೊಳ್ಳಲಿ ಬುಡಿ, ಅವರ ಹೊಲ ಅವರ ಬದು. ಮಂಡ್ಯ ಜಿಲ್ಲೆಗೆ ಆ ಸರ್ವೆ ಒಗ್ಗಲ್ಲ. ಇಲ್ಲಿ ತಲೆಮಾರು ಪತ್ತೆ ಹಚ್ಚೋಕೆ ಒಂದೇ ಪ್ರಶ್ನೆ ಸಾಕು: ನಿಮ್ಮದು ಯಾವ ಅಂಬರೀಶು?

ಜಲೀಲ ಅಂದೋರು 1972ರ ‘ನಾಗರಹಾವು’ ಕಾಲದೋರು. ಟೂರಿಂಗ್ ಟಾಕೀಸಿನ ನೆಲದಲ್ಲಿ ಕೂತು, ನಮ್ಮ ಮದ್ದೂರು ತಾಲ್ಲೂಕು ದೊಡ್ಡರಸಿನಕೆರೆ ಹುಡುಗ ಅಂಬರೀಶು, ವಿಷ್ಣುವರ್ಧನ್ ಕೈಲಿ ಏಟು ತಿನ್ನೋದನ್ನ ಸಂಕಟದಿಂದ ನೋಡಿದೋರು. ಕನ್ವರ್‌ಲಾಲ್ ಅಂದೋರು 1981ರ ‘ಅಂತ’ದೋರು, ಅವರಿಗೆ ಮಾತು ಮೆತ್ತಗೆ ಬರಲ್ಲ. ‘ಮಂಡ್ಯದ ಗಂಡು’ ಅಂದ್ರೆ 1994, ಉದಯ ಟಿ.ವಿ. ಶುರುವಾದ ವರ್ಷವೂ ಅದೇ. ಇನ್ನು ‘ಅಂಬಿ ನಿಂಗ್ ವಯಸ್ಸಾಯ್ತೋ’ ಅಂದೋರಿಗೆ ಹರೆಯದ ಅಂಬರೀಶ್ ಅಂದ್ರೆ ಸುದೀಪು! 2018ರ ಆ ಸಿನಿಮಾದಲ್ಲಿ ಅವರೇ ಅಲ್ವಾ ಆ ಪಾತ್ರ ಮಾಡಿದ್ದು? ಜಲೀಲನ ಕಾಲದೋರಿಗೆ ಈ ಮಾತು ಹೇಳಿ ನೋಡಿ, ಎಲೆ ಅಡಿಕೆ ಗಂಟಲಿಗೆ ಸಿಕ್ಕಾಕ್ಕೊತದೆ.

ಆದ್ರೆ ಇಸವಿಯನ್ನೂ ಪೂರ್ತಿ ನಂಬೋ ಹಾಗಿಲ್ಲ. ಒಂದೇ ವರ್ಷ ಹುಟ್ಟಿದ ಮಂಡ್ಯ ಪೇಟೆ ಹುಡುಗನಿಗೂ ಮಳವಳ್ಳಿ ಕಡೆ ಹಳ್ಳಿ ಹುಡುಗನಿಗೂ ಒಂದು ತಲೆಮಾರಿನ ಅಂತರ ಇರ್ತಿತ್ತು. ನೋಡಿ, ಶಿವನಸಮುದ್ರ ಇರೋದು ಮಳವಳ್ಳಿ ತಾಲ್ಲೂಕಲ್ಲಿ. 1902ರಲ್ಲೇ ಅಲ್ಲಿ ಕರೆಂಟು ಹುಟ್ತು. ಹುಟ್ಟಿದ್ದೇ ತಂತಿ ಹತ್ತಿ ಕೋಲಾರದ ಚಿನ್ನದ ಗಣಿಗೆ ಹೋಯ್ತು. ಸುತ್ತಲ ಹಳ್ಳಿಗಳು ಎಷ್ಟೋ ಕಾಲ ಬುಡ್ಡಿ ದೀಪದಲ್ಲೇ ಇದ್ವು. ಹಡೆದ ಊರಿಗೇ ಕೂಸು ಕೊನೆಗೆ ಬಂದದ್ದು! ಕರೆಂಟು ಬಂದ ಮೇಲೆ ರೇಡಿಯೋ, ಆಮೇಲೆ ಟಿ.ವಿ. ಅಷ್ಟೊತ್ತಿಗೆ ಪೇಟೆ ಹುಡುಗ ಕೇಬಲ್‌ಗೆ ದಾಟಿರ್ತಿದ್ದ.

1987ರಲ್ಲಿ ಭಾನುವಾರ ಬೆಳಗ್ಗೆ ‘ರಾಮಾಯಣ’ ಬರ್ತಿತ್ತಲ್ಲ. ಊರಿಗೊಂದೋ ಎರಡೋ ಟಿ.ವಿ. ಮಾತು ಹಿಂದಿ, ನೋಡೋರಿಗೆ ಹಿಂದಿ ಅಷ್ಟಕ್ಕಷ್ಟೆ. ಕತೆ ಗೊತ್ತಿದ್ದ ಮೇಲೆ ಭಾಷೆ ಯಾಕೆ ಬೇಕು? ಸರಿಯಾಗಿ ಯುದ್ಧದ ಹೊತ್ತಿಗೇ ಕರೆಂಟು ಹೋದ್ರೆ ಯಾರೋ ಟ್ರ್ಯಾಕ್ಟರ್ ಬ್ಯಾಟರಿ ಬಿಚ್ಕೊಂಡು ಬರೋರು. ಆವತ್ತು ಕಬ್ಬಿನ ಗಾಡಿ ನಿಂತೇ ಹೋಯ್ತಿತ್ತು, ರಾವಣ ನಿಲ್ತಿರಲಿಲ್ಲ. ಗಣೇಶನ ಹಬ್ಬಕ್ಕೆ ಟಿ.ವಿ., ವಿ.ಸಿ.ಪಿ. ಬಾಡಿಗೆಗೆ ತಂದು ರಾತ್ರಿಯಿಡೀ ಮೂರು ಸಿನಿಮಾ. ಮೂರನೇದು ನೋಡಿದೋನು ಒಬ್ಬನೂ ಇಲ್ಲ. ಎಲ್ಲರೂ ನೋಡಿದ್ವಿ ಅಂತಾರೆ.

ಅದಾದ ಮೇಲೆ ‘ಶಕ್ತಿಮಾನ್’ ನೋಡಿ ಅಂಗಳದಲ್ಲಿ ಗಿರಗಿರ ತಿರುಗಿ ಬಿದ್ದ ಹಿಂಡು. ಅದಾದ ಮೇಲೆ ಮಿಸ್ಡ್ ಕಾಲ್ ಹಿಂಡು: ಒಂದು ಸಲ ಹೊಡೆದ್ರೆ ಮದ್ದೂರಿಗೆ ಬಂದೆ, ಎರಡು ಸಲ ಹೊಡೆದ್ರೆ ಮಳವಳ್ಳಿ ಬಸ್ಸು ಹತ್ತಿದೆ. ಒಂದು ಕಾಸು ಖರ್ಚಿಲ್ದೆ ಇಡೀ ಪ್ರಯಾಣದ ವರದಿ ಮನೆಗೆ ಮುಟ್ಟೋದು. 2016ರ ಸೆಪ್ಟೆಂಬರಲ್ಲಿ ಜಿಯೋ ಬಂತು ನೋಡಿ, ಆ ವಿದ್ಯೆ ಅಲ್ಲಿಗೆ ಮುಗೀತು. 2019ರ ಲೋಕಸಭಾ ಚುನಾವಣೆಯಲ್ಲಿ ‘ನಿಖಿಲ್ ಎಲ್ಲಿದ್ದೀಯಪ್ಪಾ’ ಅನ್ನೋ ಟ್ರೋಲು ಮಂಡ್ಯದಿಂದ ದೇಶಾಂತರದವರೆಗೂ ಓಡಾಡ್ತಲ್ಲ, ಆವಾಗ ಸ್ಕೂಲಲ್ಲಿದ್ದ ಮಕ್ಕಳಿಗೆ ರಾಜಕೀಯದ ಮೊದಲ ಪಾಠವೇ ಅದು.

ಅಂಬರೀಶ್ ತೀರಿಕೊಂಡಾಗ, 2018ರ ನವೆಂಬರಲ್ಲಿ, ಮಂಡ್ಯದ ವಿಶ್ವೇಶ್ವರಯ್ಯ ಕ್ರೀಡಾಂಗಣಕ್ಕೆ ತಂದಿದ್ರಲ್ಲ. ಜಲೀಲನೋರು, ಕನ್ವರ್‌ಲಾಲ್‌ನೋರು, ಮಂಡ್ಯದ ಗಂಡಿನೋರು, ಮೊಬೈಲ್ ಎತ್ತಿ ಹಿಡಿದ ಹುಡುಗ್ರು, ಎಲ್ಲರೂ ಒಂದೇ ನೂಕುನುಗ್ಗಲಲ್ಲಿದ್ರು. ಪ್ಯೂನೋರು ಅಲ್ಲಿಗೆ ಬಂದಿದ್ರೆ ಗೆರೆ ಎಲ್ಲಿ ಎಳೀತಿದ್ರೋ ಕಾಣೆ.

ಗೆರೆ ದಾಟೋರೂ ಅವ್ರೆ. ಟ್ರ್ಯಾಕ್ಟರ್ ಬ್ಯಾಟರೀಲಿ ಸೀತೆ ನೋಡಿ ಸೆರಗಲ್ಲಿ ಕಣ್ಣೊರೆಸಿಕೊಂಡ ಅಜ್ಜಿಯರು ಈಗ ರಾತ್ರಿ ಹನ್ನೊಂದರ ತನಕ ರೀಲ್ಸ್ ನೋಡ್ತಾರೆ. ಅವರನ್ನ ಯಾವ ಪಾಲಿಗೆ ಹಾಕೋದು? ಜೆನ್ ಝೀಗೇ ಹಾಕಿಬುಡಿ ಮೇಷ್ಟ್ರೇ. ಡೇಟಾ ಮುಗಿದಾಗ ಅಜ್ಜಿ, ಮೊಮ್ಮಗ ಇಬ್ಬರಿಗೂ ಬರೋ ಸಿಟ್ಟು ಒಂದೇ ತರದ್ದು.