ಹಗಲು ನಕ್ಷತ್ರ

(ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೊರಟ ಬಸ್ಸು. ಕಬ್ಬಿಣದ ಕಾರ್ಖಾನೆಯಿಂದ ನಿವೃತ್ತರಾದ ಮಾವ, ಟಿಕೆಟ್ಟನ್ನು ವಾಚಿನ ಪಟ್ಟಿಗೆ ಸಿಕ್ಕಿಸಿಕೊಂಡಿದ್ದಾರೆ. ಪಕ್ಕದಲ್ಲಿ ಮೊಬೈಲು ಹಿಡಿದ ಅಳಿಯ.)

ಅಳಿಯ: ಮಾವ, ಈ ವಿಮೆ ಕಂಪನಿಗೆ ಐದು ನಕ್ಷತ್ರ!

ಮಾವ: ಹಗಲಲ್ಲೇ ನಕ್ಷತ್ರ ಕಾಣ್ತಿದೆಯಾ? ಕ್ಲೇಮ್ ಎಷ್ಟು ಕೊಟ್ಟಿದ್ದಾರಂತೆ?

ಅಳಿಯ: ನೂರಕ್ಕೆ ತೊಂಬತ್ತೊಂಬತ್ತು. ವಿಡಿಯೊದವನು ಹೇಳಿದ.

ಮಾವ: ಅವನಿಗೆ ಯಾರು ಹೇಳಿದ್ರು?

ಅಳಿಯ: ಇನ್ನೊಂದು ವಿಡಿಯೊದವನು.

ಮಾವ: ಅಲ್ಲಯ್ಯಾ, ಹೈದರಾಬಾದಿನಲ್ಲಿ ಐಆರ್‌ಡಿಎಐ ಅಂತ ವಿಮಾ ನಿಯಂತ್ರಣ ಪ್ರಾಧಿಕಾರ ಇದೆ, 1999ರ ಕಾಯ್ದೆಯದು. ಯಾವ ಕಂಪನಿ ಎಷ್ಟು ಕ್ಲೇಮ್ ತೀರಿಸಿತು ಅಂತ ವರ್ಷವರ್ಷ ವರದಿ ಹಾಕ್ತಾರೆ. ದೂರಿದ್ರೆ 155255ಕ್ಕೆ ಫೋನ್ ಮಾಡು.

ಅಳಿಯ: ವರದಿ ಓದೋಕೆ ಪುರುಸೊತ್ತೆಲ್ಲಿ ಮಾವ?

ಮಾವ: ನಿನ್ನೆ ದೋಸೆ ಹೋಟ್ಲು ಆರಿಸೋಕೆ ಒಂದು ಗಂಟೆ ಓದಿದೆಯಲ್ಲ!

(ಮಾವನ ಫೋನು ಬಡಿದುಕೊಳ್ಳುತ್ತದೆ.)

ಮಾವ: ಹಲೋ... ಐಆರ್‌ಡಿಎಐನೋರಾ? ಬೋನಸ್ಸಾ? ಒಟಿಪಿನಾ? ತಡೀರಿ, ಕನ್ನಡಕ ಹಾಕ್ಕೋತೀನಿ...

ಅಳಿಯ: (ಫೋನು ಕಿತ್ತುಕೊಂಡು) ಅವರು ಯಾರಿಗೂ ಫೋನ್ ಮಾಡಿ ಬೋನಸ್ ಹಂಚಲ್ಲ ಮಾವ! ಹಾಗಂತ ಅವರೇ ಎಚ್ಚರಿಕೆ ಕೊಟ್ಟಿದ್ದಾರೆ.

ಮಾವ: ಭೇಷ್! ಅಂದ್ರೆ ನೀನೂ ಅವರದ್ದು ಓದ್ತೀಯ!

ಅಳಿಯ: ಇಲ್ಲ ಮಾವ... ಅದನ್ನೂ ವಿಡಿಯೊದವನೇ ಹೇಳಿದ್ದು.