ಕೇಶ್ವಾಪುರದಲ್ಲಿ ಕುಳಿತೇ ಸುಂಟರಗಾಳಿಗೆ ದರ್ಜೆ ಕೊಡುವ ವಿಧಾನ

ಮೇ ತಿಂಗಳ ಸಂಜೆ. ಕುಸುಗಲ್ ರಸ್ತೆಯ ಕಡೆಯಿಂದ ಧೂಳೆದ್ದು ಬಂತು, ಗಾಳಿಮಳೆ ಬಡಿಯಿತು, ನಿಮ್ಮ ಮಾಳಿಗೆಯ ಪತ್ರಾಸ್ ಪಕ್ಕದವರ ಅಂಗಳಕ್ಕೆ ಹಾರಿ ಬಿತ್ತು. ಗಾಬರಿಯಾಗಬೇಡಿ. ಸಾದಾ ಬಿರುಗಾಳಿಗೆ ಬಡ್ತಿ ಕೊಡಿಸಲು ಇದೇ ಸುಸಮಯ. ಕ್ರಮ ಹೀಗಿದೆ.

1. ಗಾಳಿಯ ವೇಗ ಅಳೆಯುವ ಗೋಜಿಗೆ ಹೋಗಬೇಡಿ. ವಿಜ್ಞಾನ ನಿಮ್ಮ ಪರವಾಗಿದೆ. ಸುಂಟರಗಾಳಿ ಅಳೆಯುವ ಯಂತ್ರವನ್ನೇ ಕಿತ್ತೊಯ್ಯಬಲ್ಲದು. ಆದ್ದರಿಂದ ಷಿಕಾಗೋ ವಿಶ್ವವಿದ್ಯಾಲಯದ ಟೆಟ್ಸುಯಾ ಫುಜಿಟಾ 1971ರಲ್ಲಿ ಹಾನಿ ನೋಡಿ ದರ್ಜೆ ಕೊಡುವ ಮಾನ ರೂಪಿಸಿದರು. 2007ರಿಂದ ಅಮೆರಿಕ ಅದರ ಪರಿಷ್ಕೃತ ರೂಪವನ್ನು (ಎನ್‌ಹಾನ್ಸ್ಡ್ ಫುಜಿಟಾ, ಅಂದರೆ ಇಎಫ್) ಬಳಸುತ್ತಿದೆ: ಗಂಟೆಗೆ 105 ಕಿ.ಮೀ.ಗೆ ಇಎಫ್0 ಶುರು, 322 ದಾಟಿದರೆ ಇಎಫ್5. ಈ ವೇಗಗಳು ಅಳೆದವಲ್ಲ, ಮುರಿದದ್ದನ್ನು ನೋಡಿ ಅಂದಾಜಿಸಿದವು. ಇದನ್ನು ಬಾಯಿಪಾಠ ಮಾಡಿ.

2. ಬಿದ್ದ ಮರಗಳ ದಿಕ್ಕು ನೋಡಬೇಡಿ. ಮೋಡದಿಂದ ಕುಸಿದ ಗಾಳಿ ನೆಲಕ್ಕೆ ಅಪ್ಪಳಿಸಿ ಹೊರಕ್ಕೆ ಚದುರಿದರೆ ಮರಗಳೂ ಹೊರಮುಖವಾಗಿ ಬೀಳುತ್ತವೆ. ಸುಂಟರಗಾಳಿಯ ದಾರಿಯಲ್ಲಾದರೆ ಒಳಮುಖವಾಗಿ, ಸುತ್ತಿಕೊಂಡಂತೆ ಬೀಳುತ್ತವೆ. ಈ ಗುಟ್ಟು ಬಯಲಿಗೆಳೆದವರೂ ಫುಜಿಟಾ ಅವರೇ. ಮೊದಲ ಹಂತದಲ್ಲಿ ಅವರ ಹೆಸರು ಹೇಳಿ, ಇಲ್ಲಿ ಮರೆತುಬಿಡಿ. ಕೊಂಬೆ ಕಡಿದು ಸಾಗಿಸುವವರೆಗೆ ಬಾಯಿ ಬಿಡಬೇಡಿ.

3. ಸರಿಯಾದ ಸಾಕ್ಷಿ ಆರಿಸಿ. ಪರಿಷ್ಕೃತ ಮಾನದಲ್ಲಿ ಮನೆ, ಶಾಲೆ, ಮೋಟೆಲ್, ಮರ ಸೇರಿ 28 ಬಗೆಯ ಹಾನಿ ಸೂಚಕಗಳಿವೆ. ಮಾಳಿಗೆಯ ಮೇಲಿನ ಪತ್ರಾಸ್ ಶೆಡ್ ಅದರಲ್ಲಿಲ್ಲ. ಹಾಗಾಗಿ ಶೆಡ್ಡನ್ನು ‘ಮನೆಯ ಚಾವಣಿ’ ಎಂದೇ ಕರೆಯಿರಿ.

4. ಸಂಖ್ಯೆ ಚೌಕಾಶಿ ಮಾಡಿ. ಚಾವಣಿಯ ಹೊದಿಕೆ ಐದನೇ ಒಂದು ಭಾಗದೊಳಗೆ ಹಾರಿದ್ದರೆ ಸಾಮಾನ್ಯ ಅಂದಾಜು ಸುಮಾರು 127 ಕಿ.ಮೀ. ಕಟ್ಟಡ ದುರ್ಬಲವಾಗಿದ್ದರೆ 101, ಭದ್ರವಾಗಿದ್ದರೆ 156. ಕಣ್ಣುಮುಚ್ಚಿ 156 ಬರೆಯಿರಿ, ಇಎಫ್1 ನಿಮ್ಮದಾಯಿತು. 101 ಬರೆದರೆ ಇಎಫ್0 ಕೂಡ ದಕ್ಕದು.

5. ತುಕ್ಕು ಹಿಡಿದ ಹುಕ್ಕುಗಳನ್ನು ಈಗಲೇ ಗುಜರಿಗೆ ಹಾಕಿ. ನಾಲ್ಕು ಹುಕ್ಕು ಬೇಕಾದಲ್ಲಿ ಎರಡು ಹಾಕಿ ತಂತಿ ಸುತ್ತಿದ್ದು, ಹಾರದಂತೆ ಮೇಲೆ ಹಳೆಯ ಟೈರು ಇಟ್ಟದ್ದು ಯಾರ ಕಣ್ಣಿಗೂ ಬೀಳಬಾರದು.

6. ಸಾಕ್ಷಿದಾರರನ್ನು ಸರ್ವೋದಯ ಸರ್ಕಲ್‌ನಲ್ಲಿ ಚಹಾ ಕುಡಿಸಿ ತಯಾರು ಮಾಡಿ. “ಎಪ್ಪಾ, ಏನ್ ಗಾಳೀರಿ ಅದು! ಗರಗರ ತಿರುಗಿತ್ ನೋಡ್ರಿ” ಎಂದರೆ ಸಾಕು. ‘ಗರಗರ’ ಕಡ್ಡಾಯ.

7. ಬಯಲಲ್ಲಿ ಬೀಸಿದ ಗಾಳಿಯ ಸುದ್ದಿಗೆ ಹೋಗಬೇಡಿ. 2013ರ ಮೇ 31ರಂದು ಒಕ್ಲಹೋಮಾದ ಎಲ್ ರೀನೊ ಬಳಿಯ ಸುಂಟರಗಾಳಿಯಲ್ಲಿ ಸಂಚಾರಿ ರೇಡಾರ್ ಸುಮಾರು 480 ಕಿ.ಮೀ. ವೇಗ ಕಂಡಿತ್ತು. ಆದರೂ ಅಂತಿಮ ದರ್ಜೆ ಇಎಫ್3. ಅಷ್ಟು ವೇಗ ಸಾಬೀತು ಮಾಡುವ ಹಾನಿ ನೆಲದಲ್ಲಿ ಸಿಗಲಿಲ್ಲ. ಮುರಿಯಲು ಏನೂ ಇಲ್ಲದಲ್ಲಿ ಗಾಳಿಗೆ ಮರ್ಯಾದೆ ಇಲ್ಲ.

ಕೊನೆಯದಾಗಿ, ಹೊಸ ಪತ್ರಾಸ್ ಹಾಕಿಸುವಾಗ ಬೋಲ್ಟ್ ಬಿಗಿ ಮಾಡಿಸಬೇಡಿ. ಬಿಗಿ ಮಾಡಿಸಿದರೆ ಮುಂದಿನ ಮೇ ತಿಂಗಳಲ್ಲಿ ಗಾಳಿ ಬರುತ್ತದೆ, ಹೋಗುತ್ತದೆ, ದರ್ಜೆ ಕೊಡಲು ನಿಮ್ಮ ಬಳಿ ಏನೂ ಉಳಿಯುವುದಿಲ್ಲ.