ಅಥಾತೋ ದೋಣಿಜಿಜ್ಞಾಸಾ: ಬೇರಿಕೆ ಪ್ರಾಂತ್ಯದಲ್ಲಿ ಹಳೆಯ ಮೋಟಾರು ದೋಣಿಯನ್ನು ನೀರಿಗೆ ಅಣಿಗೊಳಿಸುವ ಕ್ರಮ

ಬೇರಿಕೆಯಲ್ಲಿ ನೌಕಾಶಾಸ್ತ್ರ ಏಕೆ ಬೆಳೆಯಲಿಲ್ಲ ಎಂಬ ಪ್ರಶ್ನೆಗೆ ವಿದ್ವಾಂಸರು ಈವರೆಗೆ ಉತ್ತರ ಕೊಟ್ಟಿಲ್ಲ. ಯಾರೂ ಕೇಳಿರಲಿಲ್ಲ ಎಂಬುದು ಅವರ ಸಮಜಾಯಿಷಿ. ಹೊಸೂರು ಸೀಮೆಯ ಈ ಗಡಿಯೂರು ಗುಲಾಬಿಗೆ, ಟೊಮ್ಯಾಟೊಗೆ, ದಪ್ಪ ಮೆಣಸಿನಕಾಯಿಗೆ ಹೆಸರಾದದ್ದು. ಕಡಲು ನೋಡಬೇಕೆಂದರೆ ಯಾವ ದಿಕ್ಕಿಗಾದರೂ ಬಸ್ಸು ಹತ್ತಿ ಕೂರಬೇಕು. ಇಂಥಲ್ಲಿ, ಬಾಗಿಲು ಮುಚ್ಚಿದ ಯಾವುದೋ ರೆಸಾರ್ಟಿನಿಂದ ಗುಜರಿಯವರ ಕೈ ದಾಟಿ, ಟ್ರ್ಯಾಕ್ಟರಿನ ಹಿಂದೆ ಜೋತುಕೊಂಡು ಬಂದ ಫೈಬರ್ ದೋಣಿಯೊಂದು ಗುಲಾಬಿ ಬೆಳೆಗಾರರೊಬ್ಬರ ಪಾಲಿಹೌಸಿನ ಮಗ್ಗುಲಲ್ಲಿ ನೆಲೆನಿಂತಿದೆ. ಪ್ರಸ್ತುತ ಸಂಶೋಧನೆಗೆ ಅದೇ ಆಕರ.

ಮೊದಲು ವರ್ಗೀಕರಣ. ಧಾರಾನಗರದ ಭೋಜರಾಜನ ಹೆಸರಿನಲ್ಲಿರುವ ‘ಯುಕ್ತಿಕಲ್ಪತರು’ ದೋಣಿಗಳನ್ನು ಸಾಮಾನ್ಯ, ವಿಶೇಷ ಎಂದು ಒಡೆದು, ಸಾಮಾನ್ಯದಲ್ಲಿ ಕ್ಷುದ್ರಾ, ಮಧ್ಯಮಾ, ಚಪಲಾ ಮುಂತಾಗಿ 10 ಬಗೆ ಎಣಿಸುತ್ತದೆ. ಅವುಗಳಲ್ಲಿ ಭೀಮಾ, ಭಯಾ, ಗರ್ಭರಾ ಎಂಬ ಮೂರು ಅಶುಭ. ನಮ್ಮ ದೋಣಿ ಈ ಯಾವುದಕ್ಕೂ ಸೇರದ ಕಾರಣ 11ನೆಯ ಬಗೆಯನ್ನು ಇಲ್ಲಿ ಪ್ರತಿಪಾದಿಸಲಾಗಿದೆ: ಸ್ಥಾವರಾ. ಲಕ್ಷಣಗಳು: ಟ್ರೇಲರಿನ ಟೈರು ಇಳಿದಿರಬೇಕು, ಸೀಟಿನ ಕೆಳಗೆ ಕೋಳಿ ಮೊಟ್ಟೆಯಿಟ್ಟಿರಬೇಕು, ದೋಣಿ ನೀರಿನಲ್ಲಿರುವ ಬದಲು ಮಳೆನೀರು ದೋಣಿಯಲ್ಲಿರಬೇಕು. ಹಲಗೆಗಳನ್ನು ಕಬ್ಬಿಣದಿಂದ ಬಿಗಿಯಬೇಡಿ, ಕಡಲೊಳಗಿನ ಸೂಜಿಗಲ್ಲು ಎಳೆದುಕೊಂಡೀತು ಎಂದೂ ಭೋಜನ ಗ್ರಂಥ ಎಚ್ಚರಿಸುತ್ತದೆ. ಬೇರಿಕೆಯಲ್ಲಿ ಸೂಜಿಗಲ್ಲಿನ ಕೆಲಸವನ್ನು ಹಳೇ ಕಬ್ಬಿಣದ ಗಾಡಿಯವನು ನಿರ್ವಹಿಸುತ್ತಾನೆ. ದೋಣಿಯ ಲಂಗರು ಹಾಗೇ ಹೋಯಿತು.

ಇನ್ನು ಅಂಗಪರೀಕ್ಷೆ. ಮೋಟಾರು ತೂಗುಹಾಕುವ ಹಿಂಬದಿಯ ಅಡ್ಡಗೋಡೆಗೆ ಟ್ರಾನ್ಸಂ ಎನ್ನುತ್ತಾರೆ. ಹಳೆಯ ದೋಣಿಗಳಲ್ಲಿ ಅದರ ಫೈಬರಿನ ಎರಡು ಪದರಗಳ ನಡುವೆ ಸಾಮಾನ್ಯವಾಗಿ ಪ್ಲೈವುಡ್ ಇರುತ್ತದೆ. ಬೋಲ್ಟಿನ ತೂತುಗಳಿಂದ ನೀರಿಳಿದು ಒಳಗೆ ಮರ ಕೊಳೆಯುತ್ತಿದ್ದರೂ ಹೊರಗೆ ಬಣ್ಣ ಮಾತ್ರ ಮದುಮಗನ ಕಳೆಯಲ್ಲಿರುತ್ತದೆ. ಸುತ್ತಿಗೆಯ ಹಿಡಿಯಿಂದ ಬಡಿದು ನೋಡಬೇಕು: ಗಟ್ಟಿಯಿದ್ದಲ್ಲಿ ಠಣ್, ಕೊಳೆತಲ್ಲಿ ದಬ್. ಪರೀಕ್ಷಕರಾಗಿ ಕರೆಸಿದ್ದು ಸಂತೆಯ ಕಲ್ಲಂಗಡಿ ವ್ಯಾಪಾರಿಯನ್ನು. ಅವರು ಅಲ್ಲಲ್ಲಿ ತಟ್ಟಿ, ಕಿವಿಯಿಟ್ಟು, ಎಡಮೂಲೆಯಲ್ಲಿ ‘ಇಲ್ಲಿ ಚೆನ್ನಾಗಿ ಹಣ್ಣಾಗಿದೆ’ ಎಂದು ಷರಾ ಬರೆಸಿದರು. ಕೊಯ್ದು ನೋಡಿದಾಗ ಪ್ಲೈವುಡ್ ಬೆರಳಿಗೆ ಕಾಫಿ ಗಸಿಯಂತೆ ಬಂತು.

ಎಂಜಿನ್ನಿನ ವಿಚಾರದಲ್ಲಿ ಪ್ರಾಂತ್ಯಕ್ಕೆ ಪರಂಪರೆಯಿದೆ. 1980ರಲ್ಲಿ ಹೊಸೂರಿನಿಂದ ಟಿವಿಎಸ್ 50 ಹೊರಟ ಮೇಲೆ ಈ ಕಡೆಯ ಮೆಕ್ಯಾನಿಕ್ಕುಗಳಿಗೆ ಟೂ-ಸ್ಟ್ರೋಕ್ ಕರತಲಾಮಲಕ. ಔಟ್‌ಬೋರ್ಡ್ ಮೋಟಾರನ್ನು ಒಂದು ಸುತ್ತು ನೋಡಿದ ಮೆಕ್ಯಾನಿಕ್, ‘ನಿಂತುಕೊಂಡಿರೋ ಫಿಫ್ಟಿ, ಚಕ್ರದ ಬದ್ಲು ಫ್ಯಾನು ಹಾಕವ್ರೆ’ ಎಂದು ಇತ್ಯರ್ಥ ಮಾಡಿದ. ಶಾಸ್ತ್ರಕ್ಕೆ ಒಂದೇ ತಕರಾರು. ಮೊಪೆಡ್ಡು ಗಾಳಿಗೆ ತಣ್ಣಗಾಗುತ್ತದೆ. ಔಟ್‌ಬೋರ್ಡನ್ನು ತಣಿಸುವುದು ದೋಣಿ ತೇಲುವ ನೀರೇ. ಮೋಟಾರಿನ ಕಾಲಿನೊಳಗಿರುವ ರಬ್ಬರ್ ರೆಕ್ಕೆಯ ಇಂಪೆಲ್ಲರ್ ಅದನ್ನು ಮೇಲಕ್ಕೆ ಎತ್ತಬೇಕು. ವರ್ಷಗಟ್ಟಲೆ ನಿಂತರೆ ರೆಕ್ಕೆಗಳು ಬಾಗಿದ ಭಂಗಿಯಲ್ಲೇ ಸೆಟೆಯುತ್ತವೆ. ಒಣಗಾಲಲ್ಲಿ ಓಡಿಸಿದರೆ ಸ್ವಲ್ಪ ಹೊತ್ತಿಗೇ ಸುಟ್ಟು ಹರಿಯುತ್ತವೆ. ಇದರಿಂದ ಅನ್ಯೋನ್ಯಾಶ್ರಯ ದೋಷ ಒದಗುತ್ತದೆ: ಸ್ಟಾರ್ಟ್ ಆಗುತ್ತದೋ ಎಂದು ತಿಳಿಯಲು ನೀರು ಬೇಕು, ನೀರಿನ ತನಕ ಒಯ್ಯಬೇಕೋ ಎಂದು ತಿಳಿಯಲು ಸ್ಟಾರ್ಟ್ ಆಗಬೇಕು.

ದೋಷಪರಿಹಾರ ನೀಲಿ ಡ್ರಮ್ಮು. ಗುಲಾಬಿಗೆ ಔಷಧಿ ಕಲಸುವ 200 ಲೀಟರಿನ ಡ್ರಮ್ಮನ್ನು ತೊಳೆದು, ಟ್ಯಾಂಕರ್ ನೀರು ತುಂಬಿ, ಇಂಪೆಲ್ಲರ್ ಬದಲಿಸಿದ ಮೋಟಾರಿನ ಕಾಲು ಅದ್ದಿ ಹಗ್ಗ ಎಳೆಯಲಾಯಿತು. ಬಿಳಿ ಹೊಗೆಯ ನಡುವೆ ಪಕ್ಕದ ತೂತಿನಿಂದ ತೆಳ್ಳಗೆ ನೀರಿನ ಧಾರೆ ಚಿಮ್ಮಿತು. ಹೊಸ ಇಂಪೆಲ್ಲರ್ ದುಡಿಯುತ್ತಿದೆ ಎಂಬುದಕ್ಕೆ ಅದೇ ಪ್ರಮಾಣ. ಮನೆಯ ಹಿರಿಯಮ್ಮ ಮಾತ್ರ, ‘ಆ ನೀರು ತೋಟಕ್ಕೆ ಬಿಟ್ಟಿದ್ರೆ ನಾಕು ಸಾಲು ನೆನೀತಿತ್ತು’ ಎಂದರು. ಈ ಕ್ಷೇತ್ರದಲ್ಲಿ ಇದುವರೆಗೆ ಬಂದಿರುವ ವಿಮರ್ಶೆಗಳಲ್ಲಿ ಇದೇ ಗಟ್ಟಿಯಾದದ್ದು. ಖಂಡನೆ ಇನ್ನೂ ಯಾರಿಗೂ ಹೊಳೆದಿಲ್ಲ.

ಹಾಗೆಂದು ದೋಣಿಗೆ ಅದುವರೆಗೆ ನೀರಿನ ಸಂಪರ್ಕವೇ ಇರಲಿಲ್ಲವೆಂದಲ್ಲ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತದೆ. ಅದು ಗಾಳಿಯ ತೇವ ಹೀರಿ, ಬಹಳ ದಿನ ನಿಂತರೆ ನೀರಿನೊಡನೆ ತಳಕ್ಕಿಳಿಯುತ್ತದೆ. ಗೇರ್ ಆಯಿಲ್ ತೆಗೆದಾಗ ಹಾಲುಹಾಲಾಗಿ ಬಂದರೆ ಸೀಲು ಹೋಗಿ ಅಲ್ಲೂ ನೀರು ಹೊಕ್ಕಿದೆ ಎಂದರ್ಥ. ಆಕರ ದೋಣಿಯ ಪೆಟ್ರೋಲ್ ಟ್ಯಾಂಕಿನಲ್ಲಿ ನೀರಿತ್ತು, ಗೇರಿನಲ್ಲಿ ನೀರಿತ್ತು, ಗೋಡೆಯಲ್ಲಿ ನೀರಿತ್ತು. ಕೆರೆಯಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು.

ಹೀಗೆ ಜಲಾಧ್ಯಾಯಕ್ಕೆ ಬರಬೇಕಾಯಿತು. ದೋಣಿಯನ್ನು ನೀರಿಗೆ ಅಣಿಮಾಡುವ ಕೈಪಿಡಿಗಳು ಬೇಕಾದಷ್ಟಿವೆ. ನೀರನ್ನು ದೋಣಿಗೆ ಅಣಿಮಾಡುವ ಕೈಪಿಡಿ ಒಂದಾದರೂ ಇದ್ದರೆ ತೋರಿಸಿ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ಹೊಸಕೋಟೆ ದಾಟಿ, ಬೆಂಗಳೂರಿನ ಕೊಳಚೆಯನ್ನೂ ಕೂಡಿಕೊಂಡು, ಹೊಸೂರಿನ ಬಳಿ ಕೆಲವರಪಳ್ಳಿ ಅಣೆಕಟ್ಟಿಗೆ ಬರುತ್ತದೆ. ಮಳೆಗಾಲದಲ್ಲಿ ಕದ ತೆರೆದರೆ ಕೆಳಗೆ ಬಿಳಿ ನೊರೆಯ ಗುಡ್ಡ; ಬೆಂಗಳೂರಿನ ಬಟ್ಟೆ, ಪಾತ್ರೆ, ತಲೆ ತೊಳೆದ ಸಾಬೂನೆಲ್ಲ ಅದರಲ್ಲಿ ಪಾಲುದಾರ. ನೊರೆಯ ಮೇಲೇ ತೇಲಿಸಬಾರದೇ ಎಂಬುದು ಪೂರ್ವಪಕ್ಷ. ಸಲ್ಲದು. ತೇಲುವ ವಸ್ತು ತನ್ನ ತೂಕದಷ್ಟು ದ್ರವವನ್ನು ಸರಿಸಬೇಕೆಂದು ಆರ್ಕಿಮಿಡೀಸ್. ನೊರೆಯಲ್ಲಿ ಬಹುಪಾಲು ಗಾಳಿ. ಪ್ರೊಪೆಲ್ಲರಿಗೆ ಹಿಡಿತವಿಲ್ಲ, ಇಂಪೆಲ್ಲರಿಗೆ ಕುಡಿಯಲು ನೀರಿಲ್ಲ. ಪಾಚಿ ತೊಳೆಯುವುದಕ್ಕೆ ಬೇಕಾದರೆ ಬಳಸಬಹುದು.

ನದಿಯ ನೀರು ಯಾರದ್ದೆಂಬ ಬಗ್ಗೆ ಮದ್ರಾಸು–ಮೈಸೂರಿನ 1892ರ ಒಪ್ಪಂದವಿದೆ, 2018ರಲ್ಲಿ ತಮಿಳುನಾಡು ಸುಪ್ರೀಂ ಕೋರ್ಟಿಗೆ ಹೋದ ದಾವೆಯಿದೆ. ಈ ಕಾಗದಗಳಲ್ಲಿ ನಮ್ಮ ದೋಣಿಯ ಪ್ರಸ್ತಾಪ ಇರಲಾರದು. 1917ರ ಕಾಯ್ದೆಯ ಜಾಗಕ್ಕೆ ಬಂದ 2021ರ ಒಳನಾಡು ನೌಕೆಗಳ ಕಾಯ್ದೆ ಯಂತ್ರಚಾಲಿತ ನೌಕೆಗೆ ತಪಾಸಣೆ, ನೋಂದಣಿ ಕೇಳುತ್ತದೆ. ‘ಒಳನಾಡು’ ಎಂಬ ಅರ್ಧ ಷರತ್ತನ್ನು ಬೇರಿಕೆ ಆಗಲೇ ಪೂರೈಸಿದೆ. ಲೈಫ್ ಜಾಕೆಟ್ಟುಗಳೂ ಬಂದಾಗ ಊರವರು ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ಆಡಿಕೊಂಡರು. ಈಗ ಅವನ್ನು ತೊಟ್ಟು ಮಕ್ಕಳು ಟ್ರ್ಯಾಕ್ಟರಿನಲ್ಲಿ ತಿರುಗುತ್ತಾರೆ.

ಉಳಿದದ್ದು ನಾಮಕರಣ. ಮೂರು ಭಾಷೆಯ ಊರು, ಜಗಳ ಬೇಡವೆಂದು ಬಲಗಡೆ ತಮಿಳು, ಎಡಗಡೆ ತೆಲುಗು, ಹೊಸದಾಗಿ ಕಟ್ಟಿದ ಹಿಂಬದಿಯ ಟ್ರಾನ್ಸಂ ಮೇಲೆ ಕನ್ನಡ ಎಂದು ಪಂಚಾಯ್ತಿ ತೀರ್ಮಾನ. ಪೇಂಟರ್ ‘ಪಿನಾಕಿನಿ’ ಎಂದು ದುಂಡಗೆ ಬರೆದು ನೆರಳು ಕೊಟ್ಟ. ಮರುದಿನ ಮೆಕ್ಯಾನಿಕ್ ಮೋಟಾರನ್ನು ನಟ್ಟನಡುವೆ ಕೂರಿಸಿ ಬಿಗಿದ. ಆಚೆಗೊಂದು ‘ಪಿ’, ಈಚೆಗೊಂದು ‘ನಿ’ ಉಳಿಯಿತು. ಪೇಂಟರ್ ನಾಲ್ಕಕ್ಷರಕ್ಕೇ ಬಿಲ್ಲು ಕೊಟ್ಟಿದ್ದಾನೆ.